ಗೂಡಿನ ಬೆಲೆ

ಮದುವೆಗೆಂದು ರೇಷ್ಮೆ ಸೀರೆ ಕೊಳ್ಳಲು ಹೋದಾಗ ನಾವು ಬಣ್ಣ ನೋಡುತ್ತೇವೆ, ಅಂಚು ಸೆರಗು ನೋಡುತ್ತೇವೆ, ಕಡೆಗೆ ಬೆಲೆ ಕೇಳಿ ಹುಬ್ಬೇರಿಸುತ್ತೇವೆ. ಆ ಬೆಲೆಯಲ್ಲಿ ಹುಳು ಸಾಕಿದವರ ಪಾಲು ಹೇಗೆ ನಿಶ್ಚಯವಾಗುತ್ತದೆಂದು ಯೋಚಿಸುವವರು ವಿರಳ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆ ತಲೆಮಾರುಗಳಿಂದ ನಡೆದುಬಂದಿರುವ ಈ ಕಸುಬಿನ ಲೆಕ್ಕವನ್ನು ತಮ್ಮ ಮುಂದಿಡಬಯಸುತ್ತೇನೆ.

ರೇಷ್ಮೆ ಹುಳುವಿಗೆ ಹಳೆಯ ಹೆಸರು ತೆರಣಿಯ ಹುಳು. ಅಕ್ಕಮಹಾದೇವಿಯ ವಚನಗಳನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆಯನ್ನು ಉದ್ಯಮವಾಗಿ ಬೆಳೆಸಲು 18ನೆಯ ಶತಮಾನದ ಕೊನೆಯಲ್ಲಿ ಯತ್ನಿಸಿದವನು ಟಿಪ್ಪು ಸುಲ್ತಾನ. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ದೊರೆತ ಮೈಸೂರಿನ ಜಹಗೀರು. ಸರ್ಕಾರಗಳು ಬೇರೆಯಾದರೇನು? ಹುಳುವಿನ ಹಸಿವು ಎರಡು ಕಡೆಯೂ ಒಂದೇ.

ಆ ಹಸಿವೇ ಖರ್ಚಿನ ಮೂಲ. ಮೊಟ್ಟೆಯೊಡೆದ ಹುಳು ಸುಮಾರು ನಾಲ್ಕು ವಾರಗಳಲ್ಲಿ ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗುತ್ತದೆ. ಅದು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಬೇಕಾಗುವುದು ಕೊನೆಯ ಏಳೆಂಟು ದಿನಗಳಲ್ಲಿ. ಆಗ ಸೊಪ್ಪು ಸಾಲದೆಹೋದರೆ ಹಿಂದಿನ ದುಡಿಮೆಯೆಲ್ಲ ವ್ಯರ್ಥ. ಹೊರಗಿನಿಂದ ಕೊಂಡರೆ ಬಂದ ಬೆಲೆ ಸೊಪ್ಪಿಗೇ ಸರಿ.

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಐದಾರನೆಯ ದಿನ ಗೂಡು ಬಿಡಿಸಬೇಕು. ಇನ್ನೊಂದು ವಾರ ತಡೆದರೆ ಪತಂಗವು ಗೂಡನ್ನು ತೂತುಮಾಡಿ ಹೊರಬರುತ್ತದೆ. ಎಳೆ ತುಂಡಾಗಿ ನೂಲು ಬಿಚ್ಚಲು ಬಾರದು. ಅಷ್ಟರೊಳಗೂ ಗೂಡು ಒಣಗುತ್ತ ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ರಾಗಿಯಾದರೆ ಹಗೇವಿನಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯಬಹುದು. ಗೂಡು ಕಾಯುವುದಿಲ್ಲ. ಕೊಳ್ಳುವವನಿಗೆ ಅದನ್ನು ಬಿಸಿಗೊಡ್ಡಿ ಇರಿಸಿಕೊಳ್ಳುವ ಅನುಕೂಲವಿದೆ, ಬೆಳೆದವನಿಗೆ ಇಲ್ಲ. ಬೆಲೆಯ ಜಗ್ಗಾಟದಲ್ಲಿ ಬೆಳೆಗಾರನು ಸೋಲುವುದು ಇಲ್ಲಿಯೇ.

ಇದಕ್ಕೆ ಪರಿಹಾರವೆಂದರೆ ಬಹಿರಂಗ ಹರಾಜು, ಸರಿಯಾದ ತೂಕ. 1959ರ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಗೂಡಿನ ವ್ಯಾಪಾರವು ಕಟ್ಟುಪಾಡಿಗೆ ಒಳಪಟ್ಟಿತು. ರಾಮನಗರವೇ ಮೊದಲಾದ ಕಡೆಗಳ ಸರ್ಕಾರಿ ಮಾರುಕಟ್ಟೆಗಳಲ್ಲಿ ಕೊಳ್ಳುವವರು ಪೈಪೋಟಿಯಿಂದ ಬೆಲೆ ಹೇಳಬೇಕಾದಾಗ, ಕಾಯಲಾರದ ಬೆಳೆಗಾರನಿಗೂ ಕೊಂಚ ಬಲ ಬರುತ್ತದೆ.

ಅಲ್ಲಿ ನೂಲು ಬಿಚ್ಚುವವನು ಗೂಡನ್ನು ಕೈಯಲ್ಲಿ ಹಿಡಿದು ಅಂದಾಜು ಮಾಡುವುದು ಒಂದನ್ನೇ: ಎಷ್ಟು ಗೂಡಿಗೆ ಎಷ್ಟು ನೂಲು? ಎಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬರುವುದಾದರೆ 80 ಕಿಲೋ ಗೂಡಿನಿಂದ 10 ಕಿಲೋ ಸಿಗುತ್ತದೆ. ಹತ್ತು ಕಿಲೋ ಗೂಡು ಬೇಕಾದರೆ ಎಂಟೇ ಕಿಲೋ. ಆದ್ದರಿಂದ ಕಲೆಬಿದ್ದ ಗೂಡು, ಜೋಡಿಗೂಡುಗಳನ್ನು ಮನೆಯಲ್ಲೇ ಆರಿಸಿ ತೆಗೆಯುವುದು ಜಾಣತನ.

ಆದರೂ ಧಾರಣೆಯ ಹಗ್ಗ ದೂರದ ಕೈಗಳಲ್ಲೂ ಇದೆ. 1930ರ ದಶಕದ ಆದಿಯಲ್ಲಿ ಚೀನಾ ಜಪಾನುಗಳ ಅಗ್ಗದ ರೇಷ್ಮೆ ನುಗ್ಗಿದಾಗ ನಮ್ಮ ಬೆಳೆಗಾರರು ಕಂಗೆಟ್ಟರು. ಆಮದು ಸುಂಕದ ರಕ್ಷಣೆ ಬೇಕಾಯಿತು.

ದೂರದ ಪೇಟೆ ನಮ್ಮ ಕೈಯಲ್ಲಿಲ್ಲ. ಮನೆಯ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ಮೊಟ್ಟೆ, ಗೊಬ್ಬರ, ಸಾಗಣೆಯ ಖರ್ಚನ್ನು ಬರೆಯುತ್ತೇವೆ. ಸರಿರಾತ್ರಿಯಲ್ಲಿ ಎದ್ದು ತಟ್ಟೆತಟ್ಟೆಗೂ ಸೊಪ್ಪು ಹಾಕುವ, ಹಿಕ್ಕೆ ತೆಗೆಯುವ ಗೃಹಿಣಿಯ ಕೂಲಿಯನ್ನು ಬರೆಯುವುದಿಲ್ಲ. ಒಂದು ಬೆಳೆಗಾದರೂ ಬರೆದು ನೋಡಿರಿ. ಲಾಭವೆಂದು ತಿಳಿದದ್ದು ಬಹುಪಾಲು ಆಕೆಯ ಕೂಲಿಯೇ ಎಂದು ಕಂಡೀತು. ಹಾಗೆ ಕಂಡಮೇಲೆ ಗೂಡು ಮಾರಿ ಬಂದ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬ ಮಾತು ಎದ್ದಾಗ, ಮೊದಲು ಆಕೆಯನ್ನು ಕೇಳುವುದು ನ್ಯಾಯವಲ್ಲವೇ?