ಒಂದು ‘ಟೇಕ್ ಆಫ್’, ಹಲವು ತುರ್ಕಿ ಮಾತುಗಳು
(ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂಗ್ಲಿಷಿನಲ್ಲಿ ಉದ್ದುದ್ದ ಪದಗಳೇ ಕಷ್ಟವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಉದ್ದದ ಪದಕ್ಕೆ ಸಾಮಾನ್ಯವಾಗಿ ಒಂದೆರಡು ಅರ್ಥಗಳಿರುತ್ತವೆ, ನಿಘಂಟು ತೆರೆದರೆ ಸಿಗುತ್ತವೆ. ನಿಜವಾದ ಕಷ್ಟ ಟೇಕ್, ಗೆಟ್, ಪುಟ್ ಎಂಬ ಪುಟ್ಟ ಪದಗಳದ್ದು. ಇವುಗಳ ಬೆನ್ನಿಗೆ ಆಫ್, ಅಪ್, ಔಟ್ ಸೇರಿಕೊಂಡರೆ ಅರ್ಥವೇ ಬೇರೆಯಾಗುತ್ತದೆ. ವ್ಯಾಕರಣದಲ್ಲಿ ಇವನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಇಂದು ‘ಟೇಕ್ ಆಫ್’ ಎಂಬ ಒಂದನ್ನೇ ತೆಗೆದುಕೊಂಡು, ತುರ್ಕಿ ಭಾಷೆಯವರಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನು ನೋಡೋಣ.

ತುರ್ಕಿ ಏಕೆ ಎಂದು ನೀವು ಕೇಳಬಹುದು. ತುರ್ಕಿಯ ವಾಕ್ಯರಚನೆ ನಮ್ಮ ಕನ್ನಡಕ್ಕೆ ಬಹಳ ಹತ್ತಿರ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಪ್ರತ್ಯಯಗಳು ಒಂದರ ಮೇಲೊಂದು ಸೇರುತ್ತವೆ. ‘ಚಿಕರಮದಿಮ್’ ಎಂಬ ಅವರ ಒಂದೇ ಪದಕ್ಕೆ ‘ಗುರುತಿಸಲಾಗಲಿಲ್ಲ’ ಎಂಬ ನಮ್ಮ ಒಂದೇ ಪದ ಸಾಕು, ಇಂಗ್ಲಿಷಿಗಾದರೆ ಪೂರ್ತಿ ವಾಕ್ಯವೇ ಬೇಕು. ಆದ್ದರಿಂದ ಅವರ ತೊಡಕು ನಮ್ಮ ತೊಡಕೂ ಹೌದು.

ಅಂಕಾರಾದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಟೇಕ್ ಎಂದರೆ ಅವನಿಗೆ ‘ಅಲ್ಮಕ್’, ಅಂದರೆ ತೆಗೆದುಕೊಳ್ಳುವುದು. ಆಫ್ ಎಂದರೆ ಸ್ವಿಚ್ಚಿನ ಮೇಲೆ ಓದಿದ ‘ಕಪಲಿ’, ಅಂದರೆ ಮುಚ್ಚಿರುವುದು. ಎರಡನ್ನೂ ಕೂಡಿಸಿದರೆ ಏನೂ ಅರ್ಥವಾಗುವುದಿಲ್ಲ. ನಿಘಂಟು ನೋಡಿದರೆ ಒಂದಲ್ಲ, ಹಲವು ಉತ್ತರಗಳು ಸಿಗುತ್ತವೆ. ಜಾಕೆಟ್ ಟೇಕ್ ಆಫ್ ಮಾಡಿದರೆ ‘ಚಿಕರ್ಮಕ್’, ಕಳಚುವುದು. ವಿಮಾನ ಟೇಕ್ ಆಫ್ ಆದರೆ ‘ಹವಲನ್ಮಕ್’ ಅಥವಾ ‘ಕಲ್ಕ್‌ಮಕ್’. ಕೆಲಸದಿಂದ ಒಂದು ದಿನ ಟೇಕ್ ಆಫ್ ಆದರೆ ‘ಇಜಿನ್ ಅಲ್ಮಕ್’, ರಜೆ ಪಡೆಯುವುದು. ಬೆಲೆಯಲ್ಲಿ ಹತ್ತು ಟೇಕ್ ಆಫ್ ಮಾಡಿದರೆ ‘ಇಂದಿರ್ಮೆಕ್’, ಇಳಿಸುವುದು. ಒಬ್ಬರ ಮಾತಿನ ಧಾಟಿಯನ್ನು ಅಣಕಿಸಿದರೆ ‘ತಕ್ಲಿತ್ ಎತ್ಮೆಕ್’. ಹೊಸ ವ್ಯಾಪಾರ ಟೇಕ್ ಆಫ್ ಆಯಿತೆಂದರೆ ಅದು ಕುದುರಿತು, ಏರಿತು ಎಂದರ್ಥ.

ಇವುಗಳಲ್ಲಿ ಕೆಲವು ಪದಗಳು ನಿಮಗೂ ಪರಿಚಿತವೆನಿಸಿರಬಹುದು. ಹವಲನ್ಮಕ್‌ನಲ್ಲಿರುವ ‘ಹವಾ’ ಅರಬ್ಬಿಯಿಂದ ಬಂದದ್ದು, ನಮ್ಮ ಹವಾಮಾನದಲ್ಲಿರುವುದೂ ಅದೇ. ತಕ್ಲಿತ್ ಎಂಬುದು ಉರ್ದುವಿನ ತಕ್ಲೀದ್.

ಈಗ ತೊಡಕು ಎಲ್ಲಿದೆ ಗಮನಿಸಿ. ತುರ್ಕಿಯಲ್ಲಿ ‘ಇನ್ಮೆಕ್’ ಎಂದರೆ ಇಳಿಯುವುದು. ವಿಮಾನ ನೆಲಕ್ಕಿಳಿಯುವುದಕ್ಕೂ ಅದೇ ಪದ, ಬೆಲೆ ಇಳಿಸುವ ‘ಇಂದಿರ್ಮೆಕ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಇಂಗ್ಲಿಷಿನಲ್ಲಾದರೋ ವಿಮಾನ ಏರುವುದಕ್ಕೂ ಬೆಲೆ ಇಳಿಸುವುದಕ್ಕೂ ಟೇಕ್ ಆಫ್ ಒಂದೇ! ಏರುವುದೂ ಇಳಿಸುವುದೂ ಒಂದೇ ಮಾತಾದರೆ ಕಲಿಯುವವನು ಏನು ಮಾಡಬೇಕು?

ಇದಕ್ಕೊಂದು ಕೀಲಿಕೈ ಇದೆ. ಅದು ನಮ್ಮ ಪಂಚಮಿ ವಿಭಕ್ತಿಯಲ್ಲೇ ಇದೆ. ಆಫ್ ಎಂದರೆ ಮೂಲತಃ ತಾಗಿಕೊಂಡಿದ್ದರಿಂದ ದೂರವಾಗುವುದು. ಜಾಕೆಟ್ ಮೈಯಿಂದ, ವಿಮಾನ ನೆಲದಿಂದ, ದಿನ ಕೆಲಸದಿಂದ, ಹತ್ತು ರೂಪಾಯಿ ಬೆಲೆಯಿಂದ ಬೇರೆಯಾಗುತ್ತವೆ. ತುರ್ಕಿಯ ‘ದನ್, ದೆನ್’ ಪ್ರತ್ಯಯ ಮಾಡುವ ಕೆಲಸವೂ ನಮ್ಮ ‘ಇಂದ’ ಮಾಡುವ ಕೆಲಸವೇ. ಹೀಗೆ ನೋಡಿದರೆ ನಾಲ್ಕು ಅರ್ಥಗಳು ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ವ್ಯಾಪಾರದ ಅರ್ಥ ವಿಮಾನದ ಬೆನ್ನಿಗೇ ಬರುತ್ತದೆ. ಅಣಕಿಸುವ ಅರ್ಥವನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಬೇಕು.

ಇಷ್ಟೊಂದು ಅರ್ಥಗಳಿವೆಯಲ್ಲ ಎಂದು ಇಂಗ್ಲಿಷನ್ನು ದೂರಬೇಡಿ. ತುರ್ಕಿಯ ಚಿಕರ್ಮಕ್ ಕೂಡ ಕಡಿಮೆಯದಲ್ಲ. ಅಂಗಿ ಕಳಚುವುದು, ಐದರಲ್ಲಿ ಎರಡು ಕಳೆಯುವುದು, ಪುಸ್ತಕ ಹೊರತರುವುದು, ಮಗುವಿಗೆ ಹಲ್ಲು ಬರುವುದು, ಎಲ್ಲಕ್ಕೂ ಅದೇ. ನಮ್ಮ ‘ತೆಗೆ’ಯನ್ನೇ ನೋಡಿ: ಬಾಗಿಲು ತೆಗೆ, ಚಪ್ಪಲಿ ತೆಗೆ, ಫೋಟೊ ತೆಗೆ, ಸಾಲ ತೆಗೆ, ಒಳ್ಳೆಯ ಮಾರ್ಕು ತೆಗೆ. ನಾವು ಜಗಳ ತೆಗೆದರೆ ಅವರೂ ‘ಕವ್ಗ ಚಿಕರ್ಮಕ್’ ಎನ್ನುತ್ತಾರೆ! ಇಲ್ಲಿ ನಮಗೆ ಗೊಂದಲವಾಗುವುದಿಲ್ಲ. ಜೊತೆಯಲ್ಲಿರುವ ನಾಮಪದವೇ ಅರ್ಥವನ್ನು ಹೇಳಿಬಿಡುತ್ತದೆ.

ಗೊಂದಲವಾದರೆ ಏನಾದೀತು? 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಡಚ್ ವಿಮಾನವೊಂದರಿಂದ ‘ನಾವೀಗ ಟೇಕ್ ಆಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ರೇಡಿಯೋದಲ್ಲಿ ಬಂತು. ವಿಮಾನ ಆಗಲೇ ಓಡತೊಡಗಿತ್ತು. ಸ್ಪ್ಯಾನಿಷ್ ನಿಯಂತ್ರಕರು ಅದು ಹಾರಲು ಸಿದ್ಧವಾಗಿ ನಿಂತಿದೆ ಎಂದು ತಿಳಿದರು. ಅದೇ ರನ್‌ವೇ ಮೇಲೆ ಇನ್ನೊಂದು ವಿಮಾನವಿತ್ತು. ಎರಡೂ ಡಿಕ್ಕಿಯಾಗಿ 583 ಮಂದಿ ಪ್ರಾಣ ಕಳೆದುಕೊಂಡರು. ಮಂಜು, ರೇಡಿಯೋ ಅಡಚಣೆ ಮೊದಲಾದ ಕಾರಣಗಳೂ ಇದ್ದವು. ಆದರೆ ಮಾತಿನ ಪಾಲೂ ಇತ್ತು. ಈಗ ವಿಮಾನಯಾನದಲ್ಲಿ ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ನಿಯಂತ್ರಕರು ‘ಟೇಕ್ ಆಫ್’ ಎನ್ನುತ್ತಾರೆ. ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು.

ಅಪಾಯವಿದೆಯೆಂದು ಇಂಥ ಪದಗಳನ್ನು ಬಿಟ್ಟುಬಿಡುವುದೂ ಸರಿಯಲ್ಲ. ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್‌ಗಳಿಂದ ತಪ್ಪಿಸಿಕೊಂಡು ಒಂಟಿ ಪದಗಳನ್ನೇ ಬಳಸುತ್ತಾರೆಂದು ಡಗುಟ್ ಮತ್ತು ಲೌಫರ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿದರು. ಹೀಗೆ ತಪ್ಪಿಸಿಕೊಂಡವರು ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೆ ಸಂದರ್ಶನದಲ್ಲಿ, ಕಚೇರಿಯಲ್ಲಿ, ದೂರವಾಣಿಯಲ್ಲಿ ಎದುರಿನವರು ಇವೇ ಪದಗಳನ್ನು ಆಡುತ್ತಾರೆ. ಅಲ್ಲಿ ಅರ್ಥವಾಗದೆ ನಮ್ಮ ಮಕ್ಕಳು ಹಿಂದೆ ಬೀಳಬಾರದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಮೂರು ಅಭ್ಯಾಸಗಳನ್ನು ಇಟ್ಟುಕೊಳ್ಳಿ. ಮೊದಲನೆಯದು, ಅರ್ಥದ ಪಟ್ಟಿಯನ್ನು ಬಾಯಿಪಾಠ ಮಾಡದೆ ನಾಮಪದದೊಂದಿಗೆ ಪೂರ್ಣ ವಾಕ್ಯವನ್ನು ಬರೆದಿಡಿ. ಎರಡನೆಯದು, ವಿರುದ್ಧ ಪದವನ್ನು ಹುಡುಕಿ. ಜಾಕೆಟ್ಟಿಗೆ ‘ಪುಟ್ ಆನ್’, ವಿಮಾನಕ್ಕೆ ‘ಲ್ಯಾಂಡ್’, ಬೆಲೆಗೆ ‘ಆ್ಯಡ್’. ವಿರುದ್ಧ ಪದ ಬೇರೆಯಾದರೆ ಅರ್ಥವೂ ಬೇರೆ ಎಂದು ತಿಳಿಯಿರಿ. ಮೂರನೆಯದು, ಪದಗಳ ಸ್ಥಾನವನ್ನು ಗಮನಿಸಿ. ಜಾಕೆಟ್ ಎಂಬ ಹೆಸರು ಆಫ್‌ಗಿಂತ ಮೊದಲೂ ಬರಬಹುದು, ನಂತರವೂ ಬರಬಹುದು. ಆದರೆ ‘ಇಟ್’ ಎಂಬ ಸರ್ವನಾಮ ನಡುವೆಯೇ ಬರಬೇಕು: ‘ಟೇಕ್ ಇಟ್ ಆಫ್’. ವಿಮಾನ ತಾನೇ ಹಾರುವ ಅರ್ಥದಲ್ಲಿ ಕರ್ಮಪದವೇ ಇರುವುದಿಲ್ಲ.

ದಿನಕ್ಕೊಂದು ಪದವನ್ನು ಹೀಗೆ ಬಿಡಿಸಿ ನೋಡಿದರೆ ವರ್ಷಕ್ಕೆ ಮುನ್ನೂರು ಮೀರುತ್ತದೆ. ಮನೆಯ ಮಾತು ಉರ್ದುವಾಗಲಿ, ಬ್ಯಾರಿಯಾಗಲಿ, ಕನ್ನಡವಾಗಲಿ, ಅದನ್ನು ಅಡ್ಡಿಯೆಂದು ತಿಳಿಯದೆ ಮೆಟ್ಟಿಲಾಗಿ ಬಳಸಿಕೊಳ್ಳಿ.