ಕೊಡಗಿನ ಜನಸಂಖ್ಯೆಯೂ ಬಂದವರ ದಾರಿಯೂ

(ಕನ್ನಡ ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣ)



1834ರಲ್ಲಿ ಇಂಗ್ಲಿಷರ ವಶವಾದ ಕೊಡಗು, 1956ರ ವರೆಗೆ ಬೇರೆ ನಾಡಾಗಿಯೇ ಉಳಿಯಿತು. ಅದರ ವಿಸ್ತಾರವು ಸುಮಾರು 1,582 ಚದರ ಮೈಲು. ಇಷ್ಟು ಕಿರಿದಾದ ಪ್ರಾಂತದ ಖಾನೇಷುಮಾರಿಯಿಂದ ಕಲಿಯತಕ್ಕದ್ದೇನೆಂದು ಕೆಲವರು ಕೇಳಬಹುದು. ಕಲಿಯತಕ್ಕದ್ದು ಬಹಳವಿರುವದು.

1871ರಲ್ಲಿ ಅಲ್ಲಿಯ ಜನಸಂಖ್ಯೆ 1,68,312, 1901ರಲ್ಲಿ 1,80,607, 1921ರಲ್ಲಿ 1,63,838, 1941ರಲ್ಲಿ 1,68,726. ಎಪ್ಪತ್ತು ವರ್ಷಗಳಲ್ಲಿ ಹೆಚ್ಚಿದವರು ಬರಿಯ 414 ಜನ! ಮೇಲುನೋಟಕ್ಕೆ ಇದು ನಿಂತ ನೀರು. ಆದರೆ ಒಳಗೆ ಹರಿವು ಬಲವಾಗಿತ್ತು. ಒಂದು ಕಡೆ ಮಲೇರಿಯವು ಜನರನ್ನು ಕೊಂಡೊಯ್ಯುತ್ತಿತ್ತು. ಇನ್ನೊಂದು ಕಡೆ ಹೊಸಬರು ಘಟ್ಟವೇರಿ ಬರುತ್ತಿದ್ದರು.

ಈ ಬರವು ಇಂಗ್ಲಿಷರಿಂದ ಮೊದಲಾದುದಲ್ಲ. ಹಾಲೇರಿಯ ಅರಸರೇ ಹೊರಗಿನಿಂದ ಬಂದ ಲಿಂಗಾಯತ ಮನೆತನದವರು. ಅವರ ಆಸ್ಥಾನದ ನುಡಿ ಕನ್ನಡ. ತುಳುನಾಡಿನ ಗೌಡರೂ ಅರಸರ ಕಾಲದಲ್ಲಿ ಬಂದು ನೆಲಸಿ, ಗದ್ದೆ ಮಾಡಿ, ಆ ಮಣ್ಣಿನವರೇ ಆದರು. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಕಾಫಿ ತೋಟವೆದ್ದ ಮೇಲೆ ಹರಿವಿನ ರೀತಿಯೇ ಬದಲಾಯಿತು. ಮೈಸೂರು ಸೀಮೆ, ದಕ್ಷಿಣ ಕನ್ನಡ, ಮಲಬಾರಗಳಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಸೆರೆಮನೆಯನ್ನು ತೋರಿಸುವ 1859ರ ಕಾಯಿದೆಯು 1925ರ ರದ್ದತಿಯ ಶಾಸನದ ವರೆಗೂ ಪುಸ್ತಕದಲ್ಲಿದ್ದಿತು. ಕೊಯ್ಲು ತೀರಿದ ಮೇಲೆ ಅನೇಕರು ಊರಿಗೆ ಮರಳುತ್ತಿದ್ದರು. ಎಣಿಕೆಯ ದಿನ ನಾಲ್ಕು ವಾರ ಹಿಂದುಮುಂದಾದರೆ ಲೆಕ್ಕವೇ ಬೇರೆಯಾಗುವದು. ತೋಟವನ್ನು ಬೆಳೆಸಿದವನು ಎಷ್ಟೋ ಸಲ ಯಾವ ಊರಿನ ಲೆಕ್ಕದಲ್ಲಿಯೂ ನಿಲ್ಲದೆ ಹೋದನು.

ಮಹನೀಯರೇ, ನಕ್ಷೆಯಲ್ಲಿ ಕೊಡಗು ಬೇರೆ, ಮೈಸೂರು ಬೇರೆ, ದಕ್ಷಿಣ ಕನ್ನಡ ಬೇರೆ ಇದ್ದಾಗಲೂ ಬಡವನ ಕಾಲು ಆ ಮೂರನ್ನೂ ದಿನಾಲು ಕೂಡಿಸುತ್ತಿತ್ತು. 1956ರ ನವೆಂಬರ್ 1ರಂದು ಆದ ಏಕೀಕರಣವು ಆ ಹಳೆಯ ಕಾಲುದಾರಿಗೆ ರಾಜ್ಯವು ಒತ್ತಿದ ಮುದ್ರೆ.

ಆದರೆ ಇನ್ನೊಂದು ಮಾತನ್ನು ಮುಚ್ಚಿಡುವದು ನ್ಯಾಯವಲ್ಲ. 1901ರಲ್ಲಿ ಕೊಡವರು 36,091 ಜನ, ಅಂದರೆ ಐದರಲ್ಲೊಂದು ಪಾಲು. ತಮ್ಮ ನಾಡಿನಲ್ಲಿ ತಾವೇ ಅಲ್ಪಸಂಖ್ಯಾತರಾದವರ ಅಳುಕನ್ನು ನಾವು ನಗೆಯಾಡಬಾರದು. ಕೂಡುವದೆಂದರೆ ನುಂಗುವದಲ್ಲ. ಕೊಡವ ನುಡಿ ಉಳಿಯದಿದ್ದರೆ ಕರ್ನಾಟಕವೇ ಅಷ್ಟು ಬಡವಾಗುವದು.

2001ರಲ್ಲಿ 5,48,561 ಇದ್ದ ಜನಸಂಖ್ಯೆ 2011ರಲ್ಲಿ 5,54,519. ಹತ್ತು ವರ್ಷಗಳ ಹೆಚ್ಚಳ ಆರು ಸಾವಿರಕ್ಕೂ ಕಡಿಮೆ. ಮತ್ತೆ ನಿಂತ ನೀರಿನ ನೋಟ, ಮತ್ತೆ ಒಳಗೆ ಹರಿವು! ನಾಡಿನ ತರುಣರು ಬೆಂಗಳೂರು, ಮೈಸೂರುಗಳಿಗೆ ಇಳಿಯುತ್ತಿರುವರು. ಅಸ್ಸಾಮಿನಂಥ ದೂರದ ಸೀಮೆಯಿಂದ ಆಳುಗಳು ತೋಟಕ್ಕೆ ಬರುತ್ತಿರುವರು. ಅವರ ಮಕ್ಕಳಿಗೆ ಕನ್ನಡದ ಅಕ್ಷರವನ್ನು ಕಲಿಸುವವರು ಯಾರು?

ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ತರಗತಿಯ ಮಕ್ಕಳನ್ನು, ಅವರ ಅಜ್ಜ ಎಲ್ಲಿಂದ, ಯಾವ ದಾರಿಯಿಂದ, ಯಾಕೆ ಬಂದರೆಂದು ಕೇಳಿ ಬರೆಯಿಸಿರಿ. ಕಡೆಯ ಬೆಂಚಿನಲ್ಲಿ ಕುಳಿತ ಹೊಸ ಆಳಿನ ಮಗುವನ್ನೂ ಕೇಳಿರಿ. ಸರಕಾರದ ಲೆಕ್ಕದಲ್ಲಿ ತಪ್ಪಿಹೋದವರು ನಮ್ಮ ಲೆಕ್ಕದಲ್ಲಾದರೂ ಉಳಿಯಲಿ.