ಕೆಟ್ಟ ಮೀನಿಗೊಂದು ಹೆಸರು



ಇಂದು ನಾನು ಒಂದೇ ಒಂದು ಶಬ್ದವನ್ನು ಕುರಿತು ಮಾತನಾಡಲು ನಿಂತಿದ್ದೇನೆ. ಅದು ನಮ್ಮ ನುಡಿಯದಲ್ಲ. ನೋಡಿದರೆ ಘನವಾದುದೂ ಅಲ್ಲ. ಅಟ್ಲಾಂಟಿಕ್ ಸಮುದ್ರದಲ್ಲಿ, ಕೆನಡಾ ದೇಶದ ಪೂರ್ವದಂಚಿಗೆ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿಯ ಬೆಸ್ತರು, ಉಪ್ಪು ಹಾಕಿ ಒಣಗಿಸುವಲ್ಲಿ ಹದ ತಪ್ಪಿ ಕೆಟ್ಟ ಮೀನಿಗೆ ‘ಡನ್’ ಎನ್ನುತ್ತಿದ್ದರು. ಶಬ್ದದ ಮೂಲಾರ್ಥ ಮಂಕಾದ ಕಂದು ಬಣ್ಣ. ಮೀನಿನ ಮೈಮೇಲೆ ಮೆಣಸಿನ ಕಾಳನ್ನು ಪುಡಿಮಾಡಿ ಉದುರಿಸಿದಂತೆ ಕಂದು ಚುಕ್ಕೆಗಳೆದ್ದರೆ, ಅದು ಡನ್. ಅದೊಂದು ಬಗೆಯ ಬೂಷ್ಟೆಂದು ಶಾಸ್ತ್ರಜ್ಞರು ಹೇಳುತ್ತಾರೆ.

ಕಾಡ್ ಎಂಬ ಮೀನಿನ ತಲೆ ತೆಗೆದು, ಹೊಟ್ಟೆ ಸೀಳಿ, ಬೆನ್ನೆಲುಬನ್ನು ಬಿಡಿಸಿ, ಪದರು ಪದರಾಗಿ ಉಪ್ಪು ಹಾಕಿ ಒಟ್ಟುವರು. ಕೆಲವು ದಿನಗಳ ಮೇಲೆ ತೊಳೆದು, ಮರದ ಅಟ್ಟಗಳ ಮೇಲೆ ಹರಡಿ ಬಿಸಿಲು ಗಾಳಿಗಳಲ್ಲಿ ಒಣಗಿಸುವರು. ಈ ಒಣಗಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು, ಮಕ್ಕಳದು. ಮೋಡ ಕವಿದೊಡನೆ ಓಡಿಹೋಗಿ ಮೀನನ್ನು ಒಟ್ಟಿ ಮುಚ್ಚಬೇಕು. ಬಿಸಿಲು ಬಂದೊಡನೆ ಮತ್ತೆ ಹರಡಬೇಕು. ಉಪ್ಪು ಹೆಚ್ಚಾದರೆ ಮೀನು ಬಿರುಸಾಗುವುದು, ಕಡಿಮೆಯಾದರೆ ಕೊಳೆಯುವುದು, ತೇವ ಉಳಿದರೆ ಬೂಷ್ಟು ಹಿಡಿಯುವುದು.

ಹೀಗೆ ಸಿದ್ಧವಾದ ಮೀನನ್ನು ವ್ಯಾಪಾರಿಯ ಕಟ್ಟೆಗೆ ಒಯ್ದಾಗ ಪರೀಕ್ಷಕನೊಬ್ಬನು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ ವರ್ಗ ಗೊತ್ತುಮಾಡುವನು. ಉತ್ತಮವಾದುದು ಐರೋಪ್ಯ ದೇಶಗಳಿಗೆ; ಕೀಳಾದುದು ವೆಸ್ಟ್ ಇಂಡೀಸಿಗೆ. ಆ ಕೀಳು ವರ್ಗಕ್ಕೆ ‘ವೆಸ್ಟ್ ಇಂಡಿಯಾ’ ಎಂಬುದೇ ಹೆಸರಾಯಿತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗಾಣುವ ಮುನ್ನ, ಕಬ್ಬಿನ ತೋಟಗಳ ಗುಲಾಮರ ಊಟಕ್ಕೆ ಹೋಗುತ್ತಿದ್ದುದು ಇಂಥ ಮೀನೇ. ಒಬ್ಬರ ಕಷ್ಟದ ಕಸರು ಮತ್ತೊಬ್ಬರ ದಾಸ್ಯದ ಅನ್ನ!

ವಕೀಲನಾದ ನನಗೆ ಇಲ್ಲಿ ಇನ್ನೊಂದು ಸಂಗತಿ ತೋರುತ್ತದೆ. ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಬೇರೊಂದು ಶಬ್ದವಿದೆ. ಅದರರ್ಥ ಸಾಲ ತೀರಿಸೆಂದು ಪೀಡಿಸುವುದು. ನ್ಯೂಫೌಂಡ್‌ಲ್ಯಾಂಡಿನ ಬೆಸ್ತನು ವಸಂತದಲ್ಲಿ ಬಲೆ, ಉಪ್ಪು, ಹಿಟ್ಟುಗಳನ್ನು ವ್ಯಾಪಾರಿಯಿಂದ ಸಾಲವಾಗಿ ಪಡೆದು, ಶರತ್ಕಾಲದಲ್ಲಿ ಮೀನನ್ನೇ ಕೊಟ್ಟು ತೀರಿಸುತ್ತಿದ್ದನು. ರೊಕ್ಕದ ಮುಖವನ್ನು ಕಾಣದೆ ಬಾಳು ಸಾಗಿಸಿದವರೇ ಬಹಳ. ಮೀನಿನ ಮೇಲಿನ ಆ ಕಂದು ಚುಕ್ಕೆ ಲೆಕ್ಕದ ಪುಸ್ತಕದಲ್ಲಿ ಮುಂದಿನ ವರ್ಷದ ಸಾಲವಾಗಿ ಕೂಡ್ರುತ್ತಿತ್ತು. ಶಬ್ದವನ್ನು ಹುಟ್ಟಿಸಿದವರು ದುಡಿಯುವವರು. ಅದರಿಂದ ತೀರ್ಪು ಕೊಟ್ಟವರು ಕೊಳ್ಳುವವರು.

ಕಾಲ ಕಳೆಯಿತು. ಮೀನನ್ನು ಮಂಜುಗಡ್ಡೆಯಾಗಿಸಿ ಕಾದಿಡುವ ಕ್ರಮ ಬಂದು ಉಪ್ಪಿನ ಅಟ್ಟಗಳು ಮುರಿದು ಬಿದ್ದವು. 1992ರಲ್ಲಿ ಕಾಡ್ ಮೀನಿನ ಸಂತತಿಯೇ ಕ್ಷೀಣಿಸಿ, ಸರಕಾರವು ಆ ಮೀನುಗಾರಿಕೆಗೆ ತಡೆ ಹಾಕಬೇಕಾಯಿತು. ಆದರೆ ಅದಕ್ಕೆ ಹತ್ತು ವರ್ಷ ಮುಂಚೆ, 1982ರಲ್ಲಿ, ಆ ದ್ವೀಪದ ವಿದ್ವಾಂಸರು ತಮ್ಮ ಜನರ ಮಾತುಗಳನ್ನೆಲ್ಲ ಕೂಡಿಸಿ ಒಂದು ನಿಘಂಟನ್ನು ಪ್ರಕಟಿಸಿದ್ದರು. ಕಸುಬು ಕುಂದಿದರೂ ಅದರ ಮಾತು ನಿಂತಿತು.

ನಮ್ಮ ಕರಾವಳಿಯನ್ನು ನೆನೆಯಿರಿ. ಮಂಗಳೂರಿನಿಂದ ಕಾರವಾರದವರೆಗೆ ಮೊಗವೀರರು, ಖಾರ್ವಿಗಳು, ಹರಿಕಂತರು ಬಂಗುಡೆಯನ್ನು ಉಪ್ಪಿನಲ್ಲಿ ಹಾಕುತ್ತ ಬಂದವರು. ಉಪ್ಪಿನ ಮೇಲೆ ಸುಂಕವಿದ್ದ ಕಾಲದಲ್ಲಿ ಬಡವನ ಮೀನಿಗೆ ಸಾಕಷ್ಟು ಉಪ್ಪು ಬೀಳುವುದೇ ದುಸ್ತರವಾಗಿತ್ತು. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಕಾಯಿದೆ ಮುರಿದಾಗ ಅದು ಬರಿಯ ರಾಜಕಾರಣವಾಗಿರಲಿಲ್ಲ; ಅಡಿಗೆಮನೆಯ ಮಾತೂ ಮೀನಿನ ಬುಟ್ಟಿಯ ಮಾತೂ ಆಗಿತ್ತು.

ಹದವಾದ ಮೀನಿಗೆ, ಹದಗೆಟ್ಟ ಮೀನಿಗೆ ಈ ಜನರು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಏನೆನ್ನುತ್ತಾರೆ? ಉಪಾಧ್ಯಾಯ ಬಂಧುಗಳೇ, ನಿಮ್ಮ ಶಾಲೆಯ ಮಕ್ಕಳ ಕೈಗೆ ಒಂದೊಂದು ವಹಿ ಕೊಡಿರಿ. ಮನೆಯ ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ. ರಾಜರ ಶಾಸನಗಳು ಕಲ್ಲಿನ ಮೇಲಿವೆ, ಅವು ಕಾದಾವು. ಅಜ್ಜಿಯ ಮಾತು ಕಾಯಲಾರದು.